ಮೀಟರಿನ ಅಳತೆಗಾರ ಪಿಯೇರ್ ಮೆಶೇನ್

ಹೋಟೆಲಿನ ಉಗ್ರಾಣದಲ್ಲಿ ಅಕ್ಕಿ ಬೇಳೆಗಳನ್ನು ತೂಗಿ ಕೊಡುವವನಿಗೂ, ಕಚೇರಿಯಲ್ಲಿ ಕುಳಿತು ಸರಕಿನ ಪಟ್ಟಿಯನ್ನು ಬರೆಯುವ ಗುಮಾಸ್ತನಿಗೂ ಕಿಲೋಗ್ರಾಮು, ಲೀಟರು, ಮೀಟರುಗಳು ದಿನನಿತ್ಯದ ಸಂಗಾತಿಗಳು. ಇವು ಎಲ್ಲಿಂದ ಬಂದವು, ಯಾರು ಇವನ್ನು ನಿಶ್ಚಯಿಸಿದರು ಎಂದು ವಿಚಾರಿಸುವಷ್ಟು ಬಿಡುವು ನಮಗೆ ದೊರೆಯುವುದು ವಿರಳ. ಆದರೆ ಈ ಮೀಟರಿಗಾಗಿ ಒಬ್ಬ ಪ್ರಾಮಾಣಿಕನು ತನ್ನ ಸುಖವನ್ನೂ, ಮನಸ್ಸಿನ ನೆಮ್ಮದಿಯನ್ನೂ, ಕಡೆಗೆ ಪ್ರಾಣವನ್ನೂ ತೆತ್ತನು. ಅವನ ಹೆಸರು ಪಿಯೇರ್ ಮೆಶೇನ್. ಲೆಕ್ಕ ಬರೆಯುವ ಕೈಯುಳ್ಳ ಪ್ರತಿಯೊಬ್ಬನೂ ಅರಿಯಬೇಕಾದ ಬಾಳು ಅದು.

ನಮ್ಮ ದೇಶದಲ್ಲಿ ಹೊಸ ತೂಕ ಅಳತೆಗಳ ಕಾನೂನು ಆದದ್ದು 1956ರಲ್ಲಿ. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಅವು ಬಳಕೆಗೆ ಬಂದವು. ಅದಕ್ಕೂ ಮುಂಚೆ ಊರು ಬಿಟ್ಟು ಹೊರಟ ಕನ್ನಡಿಗನು ಹೊಸ ಭಾಷೆಯೊಡನೆ ಹೊಸ ತೂಕವನ್ನೂ ಕಲಿಯಬೇಕಾಗಿತ್ತು. ಮಣ ಎಂಬ ಹೆಸರು ಎಲ್ಲೆಡೆಯೂ ಒಂದೇ. ತೂಕ ಮಾತ್ರ ಬೇರೆ ಬೇರೆ. ಬಂಗಾಳದ ಮಣಕ್ಕೆ ಇಂದಿನ ಲೆಕ್ಕದಲ್ಲಿ 37 ಕಿಲೋಗ್ರಾಮಿಗೂ ಮಿಕ್ಕ ತೂಕ. ಮುಂಬಯಿಯ ಹಳೆಯ ಮಣಕ್ಕೆ ಸುಮಾರು 12.7, ಮದರಾಸಿನ ಮಣಕ್ಕೆ 11.34 ಮಾತ್ರ. ಮಣ ಬೇರೆಯಾದ ಮೇಲೆ ಸೇರೂ ಬೇರೆ. ಹೀಗಿರುವಲ್ಲಿ ಅಳತೆ ಬಲ್ಲ ವರ್ತಕನು ಗೆಲ್ಲುವನು, ಅರಿಯದ ಗಿರಾಕಿ ಸೋಲುವನು.

18ನೆಯ ಶತಮಾನದ ಫ್ರಾನ್ಸ್ ದೇಶದ ಅವಸ್ಥೆ ಇದಕ್ಕಿಂತಲೂ ಕಷ್ಟತರವಾಗಿತ್ತು. ಅಲ್ಲಿ ಊರಿಗೊಂದು ಕೊಳಗ, ಪೇಟೆಗೊಂದು ಗಜ. ಧಾನ್ಯಕ್ಕೊಂದು ಅಳತೆ, ದ್ರಾಕ್ಷಾರಸಕ್ಕೆ ಮತ್ತೊಂದು. ಅನೇಕ ಕಡೆಗಳಲ್ಲಿ ಗೇಣಿಯ ಧಾನ್ಯವನ್ನು ಅಳೆಯುವ ಕೊಳಗವು ಜಮೀನುದಾರನ ವಶದಲ್ಲಿಯೇ ಇರುತ್ತಿತ್ತು. 1789ರಲ್ಲಿ ಮಹಾಕ್ರಾಂತಿಯ ಹೊಸ್ತಿಲಲ್ಲಿ ನಿಂತು ಹಳ್ಳಿಗರು ಅರಸನಿಗೆ ಸಲ್ಲಿಸಿದ ಅಹವಾಲುಗಳಲ್ಲಿ, ದೇಶಕ್ಕೆಲ್ಲ ಒಂದೇ ಅಳತೆ ಬೇಕೆಂಬ ಬೇಡಿಕೆಯು ಮತ್ತೆ ಮತ್ತೆ ಕೇಳಿಬಂದಿತು. ಆ ಬೇಡಿಕೆಯನ್ನು ಪೂರೈಸುವ ಭಾರವು ಹೊರಗಿನ ಗದ್ದಲಗಳಿಗೆ ದೂರನಾಗಿ ನಕ್ಷತ್ರಗಳನ್ನು ನೋಡುತ್ತಿದ್ದ ಮೆಶೇನನ ಹೆಗಲೇರಿತು.

ಬಡತನದಿಂದ ವೇಧಶಾಲೆಗೆ

ಮೆಶೇನನು 1744ರ ಆಗಸ್ಟ್ 16ರಂದು ಉತ್ತರ ಫ್ರಾನ್ಸಿನ ಲಾನ್ ಎಂಬ ಪಟ್ಟಣದಲ್ಲಿ ಜನಿಸಿದನು. ತಂದೆ ಮನೆಗಳಿಗೆ ಗಾರೆ ಮಾಡುವ ಕಸಬಿನವನು. ಹುಡುಗನಿಗೆ ಗಣಿತದಲ್ಲಿ ಅಪಾರ ಬುದ್ಧಿ. ರಸ್ತೆ ಸೇತುವೆಗಳ ನಿರ್ಮಾಣವನ್ನು ಕಲಿಸುವ ಪ್ಯಾರಿಸಿನ ಪ್ರಸಿದ್ಧ ವಿದ್ಯಾಲಯವನ್ನು ಸೇರಿದನಾದರೂ ಹಣವಿಲ್ಲದೆ ವ್ಯಾಸಂಗವನ್ನು ನಡುವೆಯೇ ಬಿಡಬೇಕಾಯಿತು. ಹೊಟ್ಟೆಪಾಡಿಗಾಗಿ ಉಳ್ಳವರ ಮಕ್ಕಳಿಗೆ ಪಾಠ ಹೇಳಿದನು. ಉಳಿತಾಯದ ಹಣದಿಂದ ಕೊಂಡಿದ್ದ ಖಗೋಳ ಯಂತ್ರಗಳನ್ನು ತಂದೆಯ ಕಷ್ಟಕಾಲದಲ್ಲಿ ಮಾರಿಬಿಟ್ಟನು. ಅವನ್ನು ಕೊಂಡವನು ಲಲಾಂದ್ ಎಂಬ ಖ್ಯಾತ ಖಗೋಳಜ್ಞ. ಮಾರಿದವನ ವಿದ್ಯೆಯನ್ನೂ ವಿನಯವನ್ನೂ ಕಂಡು ಲಲಾಂದನು ಅವನ ಕೈ ಹಿಡಿದನು. ವರ್ಸಾಯಿಯಲ್ಲಿದ್ದ ನೌಕಾಪಡೆಯ ನಕ್ಷೆಗಳ ಕಚೇರಿಯಲ್ಲಿ ಕೆಲಸ ಕೊಡಿಸಿದನು.

ಹಗಲಿಡೀ ಕರಾವಳಿಯ ನಕ್ಷೆಗಳ ಲೆಕ್ಕ, ಇರುಳಾದೊಡನೆ ಆಕಾಶ. ಇದು ಮೆಶೇನನ ದಿನಚರಿಯಾಯಿತು. 1781ರಲ್ಲಿ ಒಂದೇ ವರ್ಷದಲ್ಲಿ ಅವನು ಎರಡು ಧೂಮಕೇತುಗಳನ್ನು ಕಂಡುಹಿಡಿದನು. ಜೀವಮಾನದಲ್ಲಿ ಅವನು ಕಂಡುಹಿಡಿದ ಧೂಮಕೇತುಗಳು ಎಂಟು. ಮೆಸ್ಸಿಯೇ ಎಂಬ ಸಮಕಾಲೀನನು ರಚಿಸಿದ ನೀಹಾರಿಕೆಗಳ ಪಟ್ಟಿಯನ್ನು ಖಗೋಳಾಸಕ್ತರು ಇಂದಿಗೂ ಬಳಸುತ್ತಾರೆ. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚಿನವು ಮೆಶೇನನು ಕಂಡು ತಿಳಿಸಿದವು. 1782ರಲ್ಲಿ ವಿಜ್ಞಾನ ಅಕಾಡೆಮಿಯು ಅವನನ್ನು ಸದಸ್ಯನನ್ನಾಗಿ ಆರಿಸಿತು. 1785ರಿಂದ ಏಳು ವರ್ಷ, ನಮ್ಮ ಪಂಚಾಂಗದಂತೆ ಗ್ರಹ ನಕ್ಷತ್ರಗಳ ಗತಿಯನ್ನು ಕೊಡುವ ವಾರ್ಷಿಕ ಗ್ರಂಥವನ್ನು ಅವನು ಸಂಪಾದಿಸಿದನು. ಪತ್ನಿ ತೆರೇಸ್, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು, ಪ್ಯಾರಿಸಿನ ವೇಧಶಾಲೆಯ ಆವರಣದಲ್ಲಿ ವಾಸ. ಗಾರೆಯವನ ಮಗನು ತನ್ನ ಲೆಕ್ಕದ ನಿಷ್ಕೃಷ್ಟತೆ ಒಂದರಿಂದಲೇ ಈ ಸ್ಥಾನವನ್ನು ಗಳಿಸಿದ್ದನು. ಅದು ಅವನ ಹೆಮ್ಮೆ. ಮುಂದೆ ಅದೇ ಅವನಿಗೆ ಕಂಟಕವೂ ಆಯಿತು.

ಕೋಟಿಯಲ್ಲಿ ಒಂದು ಭಾಗ

ಹೊಸ ಅಳತೆಯು ಯಾವ ಅರಸನ ಮೊಳವೂ ಆಗಿರಬಾರದು, ಯಾವ ಊರಿನ ಗಜವೂ ಆಗಿರಬಾರದು, ಸರ್ವರಿಗೂ ಸೇರಿದ ಭೂಮಿಯಿಂದಲೇ ಅದು ಹುಟ್ಟಬೇಕು ಎಂದು ಅಕಾಡೆಮಿಯ ಪಂಡಿತರು 1791ರಲ್ಲಿ ತೀರ್ಮಾನಿಸಿದರು. ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರವನ್ನು ಒಂದು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಮೀಟರು. ಆ ಮೀಟರಿನ ಹತ್ತನೆಯ ಒಂದರಷ್ಟು ಉದ್ದ, ಅಗಲ, ಎತ್ತರವುಳ್ಳ ಪಾತ್ರೆಯಲ್ಲಿ ಹಿಡಿಯುವ ನೀರು ಒಂದು ಲೀಟರು. ಆ ನೀರಿನ ತೂಕ ಒಂದು ಕಿಲೋಗ್ರಾಮು. ಉದ್ದ, ಅಳತೆ, ತೂಕ ಮೂರೂ ಒಂದೇ ದಾರದಲ್ಲಿ ಪೋಣಿಸಿದಂತಾದವು. ಹಾಗಾಗಿ ಮೊದಲನೆಯ ಅಳತೆಯು ತಪ್ಪಿದರೆ ಉಳಿದೆಲ್ಲವೂ ತಪ್ಪುವುದು.

ಧ್ರುವದಿಂದ ಭೂಮಧ್ಯರೇಖೆಯವರೆಗೆ ನಡೆದು ಅಳೆಯುವುದು ಅಸಾಧ್ಯ. ಅದಕ್ಕಾಗಿ ಉತ್ತರದಲ್ಲಿ ಡಂಕರ್ಕ್ ಬಂದರಿನಿಂದ ದಕ್ಷಿಣದಲ್ಲಿ ಸ್ಪೇನ್ ದೇಶದ ಬಾರ್ಸೆಲೋನದವರೆಗಿನ ಸುಮಾರು 1,075 ಕಿಲೋಮೀಟರುಗಳನ್ನು ಅಳೆದು, ಉಳಿದುದನ್ನು ಗಣಿತದಿಂದ ತಿಳಿಯುವುದೆಂದಾಯಿತು. ಬೆಟ್ಟದ ತುದಿಯಿಂದ ಗೋಪುರಕ್ಕೆ, ಗೋಪುರದಿಂದ ಮತ್ತೊಂದು ಬೆಟ್ಟಕ್ಕೆ ದೃಷ್ಟಿಯನ್ನು ಹಾಯಿಸಿ, ದೇಶದ ಮೇಲೆಲ್ಲ ತ್ರಿಕೋನಗಳ ಸರಪಳಿಯನ್ನು ಹೆಣೆಯಬೇಕು. ಒಂದೆರಡು ರೇಖೆಗಳನ್ನು ನೆಲದ ಮೇಲೆ ಕೋಲಿಟ್ಟು ಅಳೆದರೆ ಸಾಕು. ಮಿಕ್ಕವೆಲ್ಲ ಕೋನಗಳ ಲೆಕ್ಕದಿಂದ ಸಿದ್ಧಿಸುವವು. ಕಡೆಗೆ ಸರಪಳಿಯ ಎರಡು ತುದಿಗಳಲ್ಲಿಯೂ ನಕ್ಷತ್ರಗಳನ್ನು ನೋಡಿ ಅಕ್ಷಾಂಶವನ್ನು ನಿಶ್ಚಯಿಸಬೇಕು. ಧ್ರುವಬಿಂದುವು ದಿಗಂತದಿಂದ ಎಷ್ಟು ಎತ್ತರದಲ್ಲಿರುವುದೋ ಅದೇ ಆ ಸ್ಥಳದ ಅಕ್ಷಾಂಶ.

ಉತ್ತರದ ಪಾಲು ದೆಲಾಂಬ್ರ್ ಎಂಬ ಖಗೋಳಜ್ಞನಿಗೆ. ದಕ್ಷಿಣದಲ್ಲಿ ರೊದೇಸ್ ಪಟ್ಟಣದಿಂದ ಬಾರ್ಸೆಲೋನದವರೆಗಿನ ಪಾಲು ಮೆಶೇನನಿಗೆ. 1792ರ ಜೂನ್ ತಿಂಗಳ ಕೊನೆಯಲ್ಲಿ ಮೆಶೇನನು ತ್ರಾನ್ಶೋ ಎಂಬ ಸಹಾಯಕನೊಡನೆ ಹೊರಟನು. ಕ್ರಾಂತಿಯ ಕಾವು ಏರುತ್ತಿದ್ದ ಕಾಲ. ಪ್ಯಾರಿಸಿನಿಂದ ಬಹುದೂರ ಹೋಗುವ ಮೊದಲೇ ಕಾವಲಿನ ಜನರು ಅವನ ಬಂಡಿಯನ್ನು ತಡೆದರು. ದುರ್ಬೀನುಗಳೂ ಹಿತ್ತಾಳೆಯ ಚಕ್ರಗಳೂ ಅವರ ಕಣ್ಣಿಗೆ ಶತ್ರುವಿನ ಉಪಕರಣಗಳಾಗಿ ತೋರಿದವು. ಒಂದೇ ವರ್ಷದಲ್ಲಿ ಮುಗಿಯಬಹುದೆಂದು ನಂಬಿದ್ದ ಕಾರ್ಯವು ಏಳು ವರ್ಷಗಳನ್ನು ನುಂಗಿತು.

ವಸತಿಗೃಹದ ಇರುಳುಗಳು

ಮೊದಲಲ್ಲಿ ಎಲ್ಲವೂ ಸುಗಮವಾಗಿತ್ತು. ಸ್ಪೇನಿನ ಬೆಟ್ಟಗಳ ಮೇಲಿನ ತ್ರಿಕೋನಗಳು ಕೆಲವೇ ತಿಂಗಳುಗಳಲ್ಲಿ ಮುಗಿದವು. 1792-93ರ ಚಳಿಗಾಲದಲ್ಲಿ ಮೆಶೇನನು ಬಾರ್ಸೆಲೋನಕ್ಕೆ ಅಂಟಿಕೊಂಡಿರುವ ಮೊಂಜುಯಿಕ್ ಗುಡ್ಡದ ಕೋಟೆಯಲ್ಲಿ ಬೀಡುಬಿಟ್ಟು ರಾತ್ರಿಯೆಲ್ಲ ನಕ್ಷತ್ರಗಳನ್ನು ಅಳೆದನು. ಬೋರ್ದಾ ಎಂಬ ವಿಜ್ಞಾನಿಯು ಯೋಜಿಸಿದ ಹೊಸ ಚಕ್ರಯಂತ್ರ ಅವನ ಬಳಿ ಇತ್ತು. ಒಂದೇ ಕೋನವನ್ನು ಮತ್ತೆ ಮತ್ತೆ ಅಳೆದು, ಬರುವ ಸಣ್ಣ ದೋಷಗಳನ್ನು ಒಂದಕ್ಕೊಂದು ತಟಸ್ಥಗೊಳಿಸುವುದು ಆ ಯಂತ್ರದ ಹೆಚ್ಚುಗಾರಿಕೆ.

ಅಷ್ಟರಲ್ಲಿ ವಿಪತ್ತುಗಳು ಸಾಲುಗಟ್ಟಿ ಬಂದವು. 1793ರ ಜನವರಿಯಲ್ಲಿ ಪ್ಯಾರಿಸಿನಲ್ಲಿ ಅರಸನ ಶಿರಚ್ಛೇದವಾಯಿತು; ಮಾರ್ಚಿಯಲ್ಲಿ ಫ್ರಾನ್ಸಿಗೂ ಸ್ಪೇನಿಗೂ ಯುದ್ಧ ಹತ್ತಿತು. ನಿನ್ನೆಯ ಅತಿಥಿಯು ಇಂದು ಶತ್ರುದೇಶದ ಪ್ರಜೆಯಾದನು. ಅದೇ ಸುಮಾರಿಗೆ ವೈದ್ಯಮಿತ್ರನೊಬ್ಬನೊಡನೆ ಊರ ಹೊರಗಿನ ನೀರೆತ್ತುವ ಯಂತ್ರವೊಂದನ್ನು ನೋಡಲು ಹೋಗಿದ್ದಾಗ, ಯಂತ್ರವು ಹತೋಟಿ ತಪ್ಪಿ ಮೆಶೇನನಿಗೆ ಬಡಿಯಿತು. ಎದೆಯ ಎಲುಬುಗಳು ಮುರಿದವು. ಪ್ರಜ್ಞೆ ತಪ್ಪಿ ಬಿದ್ದವನು ಬದುಕುವನೆಂಬ ಭರವಸೆ ಯಾರಿಗೂ ಇರಲಿಲ್ಲ. ಬದುಕಿದನಾದರೂ ಬಲಗೈ ಬಹುಕಾಲ ಸ್ವಾಧೀನದಲ್ಲಿರಲಿಲ್ಲ. ಚೇತರಿಸಿಕೊಂಡ ಮೇಲೆ ಊರಿಗೆ ಹೊರಡಲು ಅನುಮತಿ ಸಿಕ್ಕಲಿಲ್ಲ. ಮೊಂಜುಯಿಕ್ ಕೋಟೆಯು ಸೈನ್ಯದ ನೆಲೆಯಾಗಿ, ವಿದೇಶೀಯನಿಗೆ ಅಲ್ಲಿ ಕಾಲಿಡುವುದಕ್ಕೂ ಅವಕಾಶವಿಲ್ಲದಾಯಿತು.

ನಗರದಲ್ಲಿ ಬಂಗಾರದ ಕಾರಂಜಿ ಎಂಬರ್ಥದ ಹೆಸರಿನ ಒಂದು ವಸತಿಗೃಹವಿತ್ತು. ಮೆಶೇನನು ಅಲ್ಲಿ ಇಳಿದುಕೊಂಡನು. ಸುಮ್ಮನೆ ಕುಳಿತಿರುವುದು ಅವನ ಸ್ವಭಾವವಲ್ಲ. 1793-94ರ ಚಳಿಗಾಲದಲ್ಲಿ ಆ ವಸತಿಗೃಹದಿಂದಲೇ ಮತ್ತೊಮ್ಮೆ ನಕ್ಷತ್ರಗಳನ್ನು ಅಳೆದು, ಹಿಂದಿನ ವರ್ಷದ ಫಲಿತಾಂಶವನ್ನು ದೃಢಪಡಿಸಿಕೊಳ್ಳುವುದು ಅವನ ಉದ್ದೇಶವಾಗಿತ್ತು. ಮೊಂಜುಯಿಕ್ ಕೋಟೆಗೂ ವಸತಿಗೃಹಕ್ಕೂ ನಡುವೆ ಎರಡು ಕಿಲೋಮೀಟರಿಗಿಂತ ಕಡಿಮೆ ದೂರ. ಒಂದರ ಅಕ್ಷಾಂಶ ತಿಳಿದರೆ ಮತ್ತೊಂದರದು ಲೆಕ್ಕದಿಂದಲೇ ಬರಬೇಕು.

ಲೆಕ್ಕ ತಾಳೆಯಾಗಲಿಲ್ಲ.

ವ್ಯತ್ಯಾಸವಿದ್ದದ್ದು ಮೂರು ವಿಕಲೆಗಳಿಗೆ ತುಸು ಮಿಕ್ಕಷ್ಟು. ಪಂಚಾಂಗ ನೋಡುವವರು ಬಲ್ಲಂತೆ ಒಂದು ಡಿಗ್ರಿಗೆ 60 ಕಲೆಗಳು, ಒಂದು ಕಲೆಗೆ 60 ವಿಕಲೆಗಳು. ಮೂರು ವಿಕಲೆಗಳೆಂದರೆ ಕೂದಲೆಳೆಯ ಅಂತರ. ಆದರೆ ನೆಲದ ಮೇಲೆ ಅದು ಸುಮಾರು 100 ಮೀಟರು. ಎಷ್ಟು ಸಲ ತಿರುವಿ ಹಾಕಿದರೂ ತಪ್ಪು ಎಲ್ಲಿದೆಯೆಂದು ತಿಳಿಯಲಿಲ್ಲ. ಕೋಟೆಗೆ ಮರಳಿ ಹೋಗಿ ಇನ್ನೊಮ್ಮೆ ಅಳೆಯುವ ದಾರಿ ಮುಚ್ಚಿತ್ತು.

ಮರೆಮಾಚಿದ ಪುಟಗಳು

ಇಡೀ ದಿನದ ವ್ಯವಹಾರವನ್ನು ಕೂಡಿಸಿ ರಾತ್ರಿ ಗಲ್ಲಾಪೆಟ್ಟಿಗೆಯ ಹಣವನ್ನು ಎಣಿಸಿದಾಗ ಮೂರು ರೂಪಾಯಿ ಕಡಮೆ ಬಿದ್ದವನ ಅವಸ್ಥೆಯನ್ನು ವಾಚಕರು ಬಲ್ಲರು. ಕಳ್ಳನಲ್ಲದವನಿಗೇ ಆಗ ಹೆಚ್ಚು ಭಯ. ಯಜಮಾನನಿಗೆ ನಡೆದುದನ್ನು ನಡೆದಂತೆ ಹೇಳುವುದು ಒಂದು ಮಾರ್ಗ. ಪುಸ್ತಕದಲ್ಲಿ ಅಂಕಿಯನ್ನು ತಿದ್ದಿ ಸರಿಹೊಂದಿಸುವುದು ಇನ್ನೊಂದು. ಜೀವಮಾನವೆಲ್ಲ ಕರಾರುವಾಕ್ಕಾದ ಲೆಕ್ಕಕ್ಕೆ ಹೆಸರಾಗಿದ್ದ ಮೆಶೇನನು ಎರಡನೆಯ ಮಾರ್ಗವನ್ನು ಹಿಡಿದನು. ವಸತಿಗೃಹದ ಫಲಿತಾಂಶವನ್ನು ಯಾರಿಗೂ ತಿಳಿಸಲಿಲ್ಲ.

1794ರಲ್ಲಿ ಸ್ಪೇನನ್ನು ಬಿಟ್ಟು ಹೋಗಲು ಅನುಮತಿ ದೊರೆತಾಗ ಅವನು ಹಡಗೇರಿ ಇಟಲಿಗೆ ಹೋದನು. ಜೆನೋವಾ ನಗರದಲ್ಲಿ ಬಹುಕಾಲ ನಿಂತನು. ಪ್ಯಾರಿಸಿನಿಂದ ಬರುವ ವಾರ್ತೆಗಳು ಭೀಕರವಾಗಿದ್ದವು. 1793ರಲ್ಲಿಯೇ ಅಕಾಡೆಮಿಯನ್ನು ಮುಚ್ಚಲಾಗಿತ್ತು. ಹೊಸ ತೂಕಕ್ಕಾಗಿ ನೀರಿನ ಭಾರವನ್ನು ನಿಷ್ಕರ್ಷಿಸಿದ್ದ ಮಹಾವಿಜ್ಞಾನಿ ಲವಾಸಿಯೇ 1794ರ ಮೇ ತಿಂಗಳಲ್ಲಿ ವಧಾಯಂತ್ರಕ್ಕೆ ಬಲಿಯಾದನು. ಮರುವರ್ಷ ಮೆಶೇನನು ಸ್ವದೇಶಕ್ಕೆ ಮರಳಿದನು. ಪ್ಯಾರಿಸಿಗೆ ಮಾತ್ರ ಹೋಗಲಿಲ್ಲ. ದಕ್ಷಿಣದ ಬೆಟ್ಟಗಳಲ್ಲಿಯೇ ಅಲೆಯುತ್ತ, ಅಳೆದುದನ್ನೇ ಅಳೆಯುತ್ತ, ಕಾರ್ಯವನ್ನು ಮುಂದೂಡುತ್ತ ಮೂರು ವರ್ಷಗಳನ್ನು ಕಳೆದನು. ಉತ್ತರದ ದೀರ್ಘವಾದ ಪಾಲನ್ನು ಮುಗಿಸಿದ ದೆಲಾಂಬ್ರನು ನೆರವಿಗೆ ಬರುವೆನೆಂದರೂ ಒಪ್ಪಲಿಲ್ಲ. ಕಡೆಗೆ 1798ರ ಬೇಸಗೆಯಲ್ಲಿ ಪತ್ನಿ ತೆರೇಸಳೇ ಪ್ಯಾರಿಸಿನಿಂದ ರೊದೇಸಿಗೆ ಪಯಣಿಸಿ, ಆರು ವರ್ಷಗಳಿಂದ ಮನೆ ಕಾಣದ ಪತಿಗೆ ಧೈರ್ಯ ತುಂಬಿ ಕಾರ್ಯವನ್ನು ಕೊನೆಗಾಣಿಸಲು ನೆರವಾದಳು. ಗಂಡನ ಎದೆಯಲ್ಲಿದ್ದ ಮುಳ್ಳನ್ನು ಕೀಳುವುದು ಅವಳಿಗೂ ಆಗಲಿಲ್ಲ.

ಹಲವು ದೇಶಗಳ ವಿದ್ವಾಂಸರು ಅಳತೆಗಳನ್ನು ಪರೀಕ್ಷಿಸುವುದಕ್ಕಾಗಿ ಪ್ಯಾರಿಸಿನಲ್ಲಿ ಸೇರಿದರು. ದೆಲಾಂಬ್ರನು ತನ್ನ ಮೂಲ ಪುಸ್ತಕಗಳನ್ನು ಅವರ ಮುಂದೆ ಬಿಚ್ಚಿಟ್ಟನು. ಮೆಶೇನನು ತಡಮಾಡಿ, ಹಸನುಗೊಳಿಸಿದ ಕೋಷ್ಟಕಗಳನ್ನಷ್ಟೇ ಒಪ್ಪಿಸಿದನು. ಅವುಗಳಲ್ಲಿ ಮೊಂಜುಯಿಕ್ಕಿನ ಅಕ್ಷಾಂಶವಿತ್ತು, ವಸತಿಗೃಹದ್ದಿರಲಿಲ್ಲ. ಅಂಕಿಗಳ ಅಚ್ಚುಕಟ್ಟನ್ನು ಕಂಡು ವಿದ್ವಾಂಸರು ತಲೆದೂಗಿದರು. 1799ರ ಜೂನ್ 22ರಂದು ಪ್ಲಾಟಿನಮ್ ಲೋಹದ ಮೀಟರು ಪಟ್ಟಿಯನ್ನು ರಾಷ್ಟ್ರದ ದಫ್ತರಖಾನೆಯಲ್ಲಿ ವಿಧ್ಯುಕ್ತವಾಗಿ ಇರಿಸಲಾಯಿತು. ಮೆಶೇನನು ಪ್ಯಾರಿಸಿನ ವೇಧಶಾಲೆಯ ಮುಖ್ಯಸ್ಥನಾದನು. ಲೋಕವು ಅವನನ್ನು ಹೊಗಳಿದಷ್ಟೂ ಅವನು ಒಳಗೊಳಗೆ ಕುಗ್ಗಿದನು.

ಕೊನೆಯ ಯಾತ್ರೆ

ಅಳತೆಯ ಸರಪಳಿಯನ್ನು ಬಾರ್ಸೆಲೋನದಿಂದಾಚೆಗೆ, ಸಮುದ್ರದ ನಡುವಿನ ಬಾಲಿಯಾರಿಕ್ ದ್ವೀಪಗಳವರೆಗೆ ವಿಸ್ತರಿಸಬೇಕೆಂಬ ಯೋಜನೆ ಹೊರಟಿತು. ಮೆಶೇನನು ತಾನೇ ಹೋಗುವೆನೆಂದು ಹಟ ಹಿಡಿದನು. ಅರುವತ್ತರ ಹತ್ತಿರದ ವಯಸ್ಸಿನಲ್ಲಿ, ಸುಖಾಸನವನ್ನು ಬಿಟ್ಟು ಇವನೇಕೆ ಹೊರಡುವನೆಂದು ಹಲವರು ಬೆರಗಾದರು. ದಕ್ಷಿಣದ ತುದಿಯು ದ್ವೀಪಗಳಿಗೆ ಸರಿದರೆ ಬಾರ್ಸೆಲೋನದ ಅಕ್ಷಾಂಶವೇ ಲೆಕ್ಕಕ್ಕೆ ಬೇಡವಾಗುವುದೆಂಬುದು ಅವನೊಬ್ಬನಿಗೆ ಗೊತ್ತಿದ್ದ ಗುಟ್ಟು.

1803ರ ವಸಂತದಲ್ಲಿ ಹೊರಟವನಿಗೆ ಹಡಗಿನ ತೊಡಕು, ಅನುಮತಿಯ ತೊಡಕು, ಮಂಜು ಮುಸುಕಿದ ಬೆಟ್ಟಗಳ ತೊಡಕು ಎಡೆಬಿಡದೆ ಕಾಡಿದವು. ಸ್ಪೇನಿನ ಪೂರ್ವ ಕರಾವಳಿಯ ಜೌಗು ನಾಡಿನಲ್ಲಿ ವಿಷಮಜ್ವರವು ಹಬ್ಬಿತ್ತು. ಅದು ಮೆಶೇನನನ್ನೂ ಹಿಡಿಯಿತು. 1804ರ ಸೆಪ್ಟೆಂಬರ್ 20ರಂದು ಕಾಸ್ತೆಯೋನ್ ಎಂಬ ಪಟ್ಟಣದಲ್ಲಿ, ಹೆಂಡತಿ ಮಕ್ಕಳಿಂದಲೂ ವೇಧಶಾಲೆಯಿಂದಲೂ ಬಹುದೂರದಲ್ಲಿ, ಅವನು ತೀರಿಕೊಂಡನು. ಅವನು ಅಪೂರ್ಣವಾಗಿ ಬಿಟ್ಟುಹೋದ ದ್ವೀಪಗಳ ಅಳತೆಯನ್ನು ಬಿಯೋ ಮತ್ತು ಅರಾಗೋ ಎಂಬ ತರುಣ ವಿಜ್ಞಾನಿಗಳು 1806ರಿಂದ 1808ರವರೆಗೆ ನಡೆಸಿದರು.

ದೆಲಾಂಬ್ರನ ನಿರ್ಣಯ

ಮೆಶೇನನ ಕಾಗದಪತ್ರಗಳು ದೆಲಾಂಬ್ರನ ಕೈಸೇರಿದವು. ಬಿಡಿ ಹಾಳೆಗಳು, ಸೀಸದಕಡ್ಡಿಯ ಬರೆಹಗಳು, ಅಳಿಸಿ ತಿದ್ದಿದ ಅಂಕಿಗಳು. ದೆಲಾಂಬ್ರನು ತಾಳ್ಮೆಯಿಂದ ಒಂದೊಂದನ್ನೂ ಹೋಲಿಸಿ ನೋಡುತ್ತ ಹೋದಂತೆ ವಸತಿಗೃಹದ ರಹಸ್ಯವು ಬಯಲಾಯಿತು. ಈಗ ಧರ್ಮಸಂಕಟ ದೆಲಾಂಬ್ರನ ಪಾಲಿಗೆ ಬಂದಿತು. ಬಚ್ಚಿಟ್ಟರೆ ಸತ್ಯಕ್ಕೆ ದ್ರೋಹ. ಡಂಗುರ ಹೊಡೆದರೆ ಮೃತನಾದ ಸಂಗಡಿಗನಿಗೆ ಅವಮಾನ, ಹೊಸ ಅಳತೆಯ ವಿರೋಧಿಗಳಿಗೆ ಹಬ್ಬ. ದೆಲಾಂಬ್ರನು 1806ರಿಂದ 1810ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಮಹಾಗ್ರಂಥದಲ್ಲಿ ಬಾರ್ಸೆಲೋನದ ಎರಡು ಫಲಿತಾಂಶಗಳನ್ನೂ ಅವುಗಳ ವ್ಯತ್ಯಾಸವನ್ನೂ ಮುಚ್ಚುಮರೆಯಿಲ್ಲದೆ ಕೊಟ್ಟನು. ಮಿತ್ರನನ್ನು ಮಾತ್ರ ಹೀನಾಯವಾಗಿ ಚಿತ್ರಿಸಲಿಲ್ಲ. ತಿದ್ದಿದ ಮೂಲಪತ್ರಗಳನ್ನು ತನ್ನ ಟಿಪ್ಪಣಿಗಳೊಡನೆ ವೇಧಶಾಲೆಯ ದಫ್ತರದಲ್ಲಿ ಭದ್ರಪಡಿಸಿ, ಮುಂದಿನವರು ಬೇಕಾದಲ್ಲಿ ಪರಿಶೀಲಿಸಲೆಂದು ಬಿಟ್ಟನು.

ಹಾಗೆ ಉಳಿದುದರಿಂದಲೇ ಮೆಶೇನನಿಗೆ ನ್ಯಾಯವೂ ದೊರೆಯಿತು. 1828ರಲ್ಲಿ ನಿಕೊಲೆ ಎಂಬ ಖಗೋಳಜ್ಞನು ಆ ಅಂಕಿಗಳನ್ನು ಮತ್ತೆ ತೆಗೆದುಕೊಂಡು, ಉತ್ತರಕ್ಕೆ ಹಾಯುವ ನಕ್ಷತ್ರಗಳನ್ನೂ ದಕ್ಷಿಣಕ್ಕೆ ಹಾಯುವ ನಕ್ಷತ್ರಗಳನ್ನೂ ಪ್ರತ್ಯೇಕಿಸಿ ಸರಿತೂಗಿಸಿದನು. ಮೆಶೇನನನ್ನು ಹನ್ನೊಂದು ವರ್ಷ ಸುಟ್ಟ ವ್ಯತ್ಯಾಸವು ಬಹುಮಟ್ಟಿಗೆ ಕರಗಿಹೋಯಿತು. ದೋಷವಿದ್ದದ್ದು ನೋಡಿದವನ ಕಣ್ಣಿನಲ್ಲಲ್ಲ, ಯಂತ್ರದಲ್ಲಿ. ಮತ್ತೆ ಮತ್ತೆ ಅಳೆದರೆ ಚದರಿದ ದೋಷಗಳು ಕಳೆಯುವವು. ಪ್ರತಿ ಸಲವೂ ಒಂದೇ ಕಡೆಗೆ ವಾಲುವ ದೋಷವು ಎಷ್ಟು ಸಲ ಅಳೆದರೂ ಕಳೆಯದು. ಕಲ್ಲು ಸವೆದ ತಕ್ಕಡಿಯಲ್ಲಿ ನೂರು ಬಾರಿ ತೂಗಿದರೂ ತೂಕ ತಪ್ಪೇ ಬರುವಂತೆ. ಈ ವಿವೇಕವು ಆಗಿನ್ನೂ ವಿಜ್ಞಾನಕ್ಕೆ ಸ್ಪಷ್ಟವಾಗಿ ಬಂದಿರಲಿಲ್ಲ. ತಪ್ಪುಗಳನ್ನು ಬಚ್ಚಿಡದೆ ಲೆಕ್ಕದೊಳಗೇ ಸೇರಿಸಿಕೊಳ್ಳುವ ಗಣಿತ ವಿಧಾನವನ್ನು ಲಜಾಂದ್ರ್ ಎಂಬ ಗಣಿತಜ್ಞನು ಪ್ರಕಟಿಸಿದ್ದು 1805ರಲ್ಲಿ; ಉದಾಹರಣೆಗಾಗಿ ಅವನು ಆರಿಸಿಕೊಂಡದ್ದು ಇದೇ ಭೂಮಾಪನದ ಅಂಕಿಗಳನ್ನು. ಮೆಶೇನನು ಸತ್ತು ಆಗ ಒಂದು ವರ್ಷವೂ ಸರಿಯಾಗಿ ಕಳೆದಿರಲಿಲ್ಲ.

ಹಾಗಾದರೆ ಮೀಟರು ತಪ್ಪೇ? ಭೂಮಿಯನ್ನು ಆಧಾರವಾಗಿ ಹಿಡಿದರೆ ಅದು ಸುಮಾರು ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು, ಎಂದರೆ ಎರಡು ಹಾಳೆ ಕಾಗದದ ದಪ್ಪದಷ್ಟು ಗಿಡ್ಡ. ಅದಕ್ಕೆ ಮುಖ್ಯ ಕಾರಣ ಮೆಶೇನನ ಮೂರು ವಿಕಲೆಗಳಲ್ಲ. ಭೂಮಿಯು ಪಂಡಿತರು ಊಹಿಸಿದಷ್ಟು ಕ್ರಮಬದ್ಧವಾದ ಆಕಾರದ್ದಲ್ಲ, ಅದರ ಚಪ್ಪಟೆತನವನ್ನು ಅವರು ಲೆಕ್ಕ ಹಿಡಿದುದೂ ಸರಿಯಿರಲಿಲ್ಲ. ಆದರೂ ಲೋಕವು ಆ ಉದ್ದವನ್ನೇ ಉಳಿಸಿಕೊಂಡಿತು. 1840ರಿಂದ ಫ್ರಾನ್ಸಿನಲ್ಲಿ ಅದು ಕಡ್ಡಾಯವಾಯಿತು. 1875ರಲ್ಲಿ ಹಲವು ರಾಷ್ಟ್ರಗಳು ಅದಕ್ಕಾಗಿ ಒಪ್ಪಂದ ಮಾಡಿಕೊಂಡವು. 1983ರಿಂದ ಮೀಟರಿಗೆ ಬೆಳಕಿನ ವೇಗವೇ ಆಧಾರ. ಉದ್ದ ಮಾತ್ರ ಆ ಇಬ್ಬರು ಬೆಟ್ಟ ಹತ್ತಿ ತಂದುದೇ.

ಉಗ್ರಾಣದ ತಕ್ಕಡಿಯ ಮುಂದೆಯೂ ಕಚೇರಿಯ ಖಾತೆಯ ಮುಂದೆಯೂ ಈ ಮನುಷ್ಯನನ್ನು ನೆನೆಯುವುದು ಉಚಿತ. ಅವನು ತಪ್ಪು ಮಾಡಿದವನಲ್ಲ. ತನ್ನದಲ್ಲದ ತಪ್ಪನ್ನು ತನ್ನದೆಂದು ಬಗೆದು ಬಚ್ಚಿಟ್ಟವನು. ತಾಳೆಯಾಗದ ಅಂಕಿಯನ್ನು ತಾಳೆಯಾಗದೆಂದೇ ಬರೆದಿದ್ದರೆ ಯಂತ್ರದ ದೋಷವನ್ನು ಮೊದಲು ತೋರಿಸಿಕೊಟ್ಟ ಕೀರ್ತಿಯು ಅವನದಾಗುತ್ತಿತ್ತು, ನಿದ್ರೆಯೂ ಅವನದಾಗುತ್ತಿತ್ತು. ಲೆಕ್ಕದಲ್ಲಿ ವ್ಯತ್ಯಾಸ ಬೀಳುವುದು ಅಪರಾಧವಲ್ಲ. ಬಿದ್ದ ವ್ಯತ್ಯಾಸವನ್ನು ಅದೇ ದಿನ, ಅದೇ ಪುಟದಲ್ಲಿ, ಎಲ್ಲರೂ ಕಾಣುವಂತೆ ಬರೆದಿಡುವವನೇ ನಿಶ್ಚಿಂತನಾಗಿ ಮನೆಗೆ ಹೋಗಬಲ್ಲನು.